ಆಯುಧಪೂಜೆಯ ದಿನ ಯಂತ್ರಕ್ಕೆ ಹೊಸ ಬುದ್ಧಿ

ಆಯುಧಪೂಜೆಯ ದಿನ ಕಾರ್ಖಾನೆಗಳನ್ನು ನೋಡಬೇಕು. ವರ್ಷವಿಡೀ ಗ್ರೀಸು, ಧೂಳು ಮೆತ್ತಿಕೊಂಡಿರುವ ಯಂತ್ರಗಳು ಅಂದು ಮೈತೊಳೆದುಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಕ್ಕಳಂತೆ ನಿಂತಿರುತ್ತವೆ. ಲೇತಿಗೂ ಕುಂಕುಮ, ಲಾರಿಗೂ ಕುಂಕುಮ, ಮೂಲೆಯಲ್ಲಿರುವ ಕಂಟ್ರೋಲ್ ಪ್ಯಾನೆಲ್ಲಿನ ಬಾಗಿಲಿಗೂ ಮೂರು ಬೆರಳಿನ ವಿಭೂತಿ. ಬೂದುಗುಂಬಳ ಒಡೆದು, ಪುರಿ-ಬೆಲ್ಲ ಹಂಚಿಕೊಂಡು ಎಲ್ಲರೂ ಮನೆಗೆ ಹೋಗುತ್ತಾರೆ. ಎಲ್ಲರೂ ಎಂದೆನೆ? ತಪ್ಪು. ಮೆಯಿಂಟೆನೆನ್ಸ್ ವಿಭಾಗದ ಮೂರು ನಾಲ್ಕು ಜನ ಉಳಿದುಕೊಳ್ಳುತ್ತಾರೆ. ಯಂತ್ರ ನಿಂತಿರುವ ದಿನವೇ ಅವರಿಗೆ ಕೆಲಸದ ದಿನ.

ನಮ್ಮ ಬೀದಿಯ ಕೊನೆಯ ಮನೆಯ ಹುಡುಗ ಅಂಥವರಲ್ಲೊಬ್ಬ. ಪಾಲಿಟೆಕ್ನಿಕ್‌ನಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಪಶು ಆಹಾರ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅವನಿಗೆ ನೌಕರಿ. ಒಂದು ನವರಾತ್ರಿಯಲ್ಲಿ ಮಹಾನವಮಿ, ವಿಜಯದಶಮಿ, ಅದರ ಬೆನ್ನಿಗೆ ಭಾನುವಾರ, ಹೀಗೆ ಮೂರು ದಿನ ರಜೆ ಒಟ್ಟಿಗೇ ಬಂತು. ಮೂರೂ ದಿನ ಹುಡುಗ ಮನೆಗೆ ಬಂದದ್ದು ಮಲಗುವುದಕ್ಕೆ ಮಾತ್ರ. ಅವನ ತಂದೆ ಸಾರಿಗೆ ಸಂಸ್ಥೆಯಲ್ಲಿ ಬಸ್ ಚಾಲಕರಾಗಿದ್ದು ನಿವೃತ್ತರಾದವರು. ಪ್ರಸಾದದ ತಟ್ಟೆ ಹಿಡಿದುಕೊಂಡು ಬಂದವರು ನಮ್ಮ ಜಗುಲಿಯ ಮೇಲೆ ಕೂತು ಅಸಮಾಧಾನ ತೋಡಿಕೊಂಡರು.

“ಮೇಷ್ಟ್ರೇ, ಅದೇನೋ ಫರ್ಮ್‌ವೇರ್ ಅಪ್‌ಡೇಟ್ ಅಂತೆ. ನನ್ನ ಮೊಬೈಲಿಗೂ ತಿಂಗಳಿಗೊಂದು ಅಪ್‌ಡೇಟ್ ಬರುತ್ತಪ್ಪ. ರಾತ್ರಿ ಚಾರ್ಜಿಗೆ ಹಾಕಿ ಮಲಗ್ತೀನಿ, ಬೆಳಿಗ್ಗೆ ಏಳೋದರಲ್ಲಿ ತಾನೇ ಮಾಡಿಕೊಂಡಿರುತ್ತೆ. ಇವನು ಹಬ್ಬದ ಊಟಾನೂ ಬಿಟ್ಟು ಮೂರು ದಿನ ಕೂತಿದಾನಲ್ಲ, ಇವನಿಗೆ ಕೆಲಸ ಬರಲ್ವೋ, ಇಲ್ಲ ಕಂಪನಿಯವರು ಸುಮ್ಮನೆ ದುಡಿಸ್ಕೋತಾರೋ?”

ಪ್ರಶ್ನೆ ಸಲೀಸಾದದ್ದೇನಲ್ಲ. ಅಂದು ಅವರಿಗೆ ಹೇಳಿದ್ದನ್ನೂ, ಹೇಳಲು ಮರೆತದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ಡಿಪ್ಲೊಮಾಕ್ಕೋ ಐಟಿಐಗೋ ಸೇರಿಸಿರುವ ತಂದೆತಾಯಂದಿರು ಇವತ್ತಲ್ಲ ನಾಳೆ ಈ ಪ್ರಶ್ನೆಯನ್ನು ಕೇಳುವವರೇ.

ಮೊದಲು ಆ ಪೆಟ್ಟಿಗೆ ಏನೆಂದು ನೋಡೋಣ. ಕಾರ್ಖಾನೆಯ ಪ್ಯಾನೆಲ್ಲಿನೊಳಗೆ ಇಟ್ಟಿಗೆಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ಕಾಣುವ, ಮೇಲೆ ಹಸಿರು-ಕೆಂಪು ದೀಪಗಳು ಮಿನುಗುವ ಒಂದು ಸಾಧನ ಇರುತ್ತದೆ. ಅದೇ ಪಿಎಲ್‌ಸಿ, ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್. ಮೋಟರು ಯಾವಾಗ ತಿರುಗಬೇಕು, ಗೇಟು ಯಾವಾಗ ಮುಚ್ಚಬೇಕು, ಬಿಸಿ ಎಷ್ಟಾದರೆ ಹೀಟರ್ ಆರಬೇಕು ಎಂದು ತೀರ್ಮಾನಿಸುವುದು ಇದು.

ಇದು ಬರುವ ಮೊದಲು ಈ ಕೆಲಸವನ್ನು ರಿಲೇಗಳು ಮಾಡುತ್ತಿದ್ದವು. ರಿಲೇ ಎಂದರೆ, ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅಯಸ್ಕಾಂತವಾಗಿ ಒಂದು ಲೋಹದ ಪಟ್ಟಿಯನ್ನು ಟಕ್ಕೆಂದು ಎಳೆದುಕೊಂಡು ಇನ್ನೊಂದು ಸರ್ಕ್ಯೂಟನ್ನು ಕೂಡಿಸುವ ಸ್ವಿಚ್ಚು. ದೊಡ್ಡ ಕಾರ್ಖಾನೆಯಲ್ಲಿ ಇಂಥವು ಸಾವಿರಗಟ್ಟಲೆ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ತಯಾರಿಸುವ ಹೈಡ್ರಾಮ್ಯಾಟಿಕ್ ಎಂಬ ವಿಭಾಗವಿತ್ತು. ಕಾರಿನ ಮಾದರಿ ಬದಲಾದಾಗಲೆಲ್ಲ ಅಲ್ಲಿ ಗೋಡೆಯಗಲದ ರಿಲೇ ಪ್ಯಾನೆಲ್ಲುಗಳ ತಂತಿಗಳನ್ನು ಬಿಚ್ಚಿ ಹೊಸದಾಗಿ ಹೆಣೆಯಬೇಕಾಗುತ್ತಿತ್ತು. ತಂತಿಯ ಬದಲು ಆಜ್ಞೆಗಳನ್ನು ಬದಲಿಸಿದರೆ ಸಾಕಾಗುವಂಥ ಯಂತ್ರ ಬೇಕೆಂದು 1968ರಲ್ಲಿ ಅವರು ಕೇಳಿದರು. ಬೆಡ್‌ಫರ್ಡ್ ಅಸೋಸಿಯೇಟ್ಸ್ ಎಂಬ ಚಿಕ್ಕ ಸಂಸ್ಥೆಯ ಡಿಕ್ ಮಾರ್ಲಿ ಮತ್ತು ಸಂಗಡಿಗರು 1969ರಲ್ಲಿ ಅಂಥದನ್ನು ಮಾಡಿಕೊಟ್ಟರು. ಅದು ಅವರ ಸಂಸ್ಥೆಯ 84ನೆಯ ಕೆಲಸವಾಗಿದ್ದರಿಂದ ‘ಮೋಡಿಕಾನ್ 084’ ಎಂಬ ಹೆಸರಾಯಿತು. ಕಾರ್ಖಾನೆಯ ಎಲೆಕ್ಟ್ರಿಷಿಯನ್‌ಗಳು ಗಣಕದ ಭಾಷೆ ಕಲಿತವರಲ್ಲ. ಅವರಿಗೆ ಗೊತ್ತಿದ್ದುದು ರಿಲೇ ನಕ್ಷೆ. ಹಾಗಾಗಿ ಹೊಸ ಯಂತ್ರಕ್ಕೆ ಆಜ್ಞೆ ಬರೆಯುವ ಕ್ರಮವನ್ನೂ ಏಣಿಯಂತೆ ಕಾಣುವ ಅದೇ ನಕ್ಷೆಯ ರೂಪದಲ್ಲಿಟ್ಟರು. ಇವತ್ತಿಗೂ ನಮ್ಮ ಹುಡುಗರು ‘ಲ್ಯಾಡರ್’ ಬರೆಯುವುದನ್ನೇ ಮೊದಲು ಕಲಿಯುತ್ತಾರೆ. ಕೆಲಸಗಾರನಿಗೆ ಯಂತ್ರವೇ ಹೊಂದಿಕೊಂಡ ಇಂಥ ಉದಾಹರಣೆ ತಂತ್ರಜ್ಞಾನದ ಚರಿತ್ರೆಯಲ್ಲಿ ಅಪರೂಪ ಎಂದು ನನಗೆ ಯಾವಾಗಲೂ ಅನ್ನಿಸಿದೆ.

ಈ ಪಿಎಲ್‌ಸಿಯೊಳಗೆ ಎರಡು ಬಗೆಯ ಬುದ್ಧಿ ಇರುತ್ತದೆ. ಇದನ್ನು ಬಿಡಿಸಿ ತಿಳಿಯದಿದ್ದರೆ ಮುಂದಿನದು ಗೊಂದಲವಾಗುತ್ತದೆ. ಮದುವೆಯ ಅಡುಗೆ ಭಟ್ಟರನ್ನು ನೆನೆಯಿರಿ. ಒಲೆ ಹೊತ್ತಿಸುವುದು, ಹದ ನೋಡುವುದು, ಉಪ್ಪು ಅಳೆಯುವುದು, ಕೈ ಸುಡದಂತೆ ಹಂಡೆ ಇಳಿಸುವುದು, ಇವೆಲ್ಲ ಅವರ ಕೈಗೆ ಹತ್ತಿದ ವಿದ್ಯೆ. ಇವತ್ತಿನ ಮದುವೆಗೆ ಹೋಳಿಗೆಯೋ ಜಹಾಂಗೀರೋ, ಎಷ್ಟು ಎಲೆ ಎಂಬುದು ಮನೆಯವರು ಕೊಡುವ ಪಟ್ಟಿ. ಪಿಎಲ್‌ಸಿಯಲ್ಲಿ ಕಾರ್ಖಾನೆಯವರು ಬರೆದು ಹಾಕುವ ಲ್ಯಾಡರ್ ಪ್ರೋಗ್ರಾಂ ಈ ಪಟ್ಟಿಯಿದ್ದಂತೆ. ಕೈಗೆ ಹತ್ತಿದ ವಿದ್ಯೆ ಇದೆಯಲ್ಲ, ಅದು ಫರ್ಮ್‌ವೇರ್. ಸೆನ್ಸರುಗಳನ್ನು ಓದು, ಪ್ರೋಗ್ರಾಮಿನಂತೆ ಲೆಕ್ಕ ಹಾಕು, ಮೋಟರು-ವಾಲ್ವುಗಳಿಗೆ ಆಜ್ಞೆ ಕಳಿಸು, ಮತ್ತೆ ಮೊದಲಿನಿಂದ ಓದು ಎಂದು ಸೆಕೆಂಡಿಗೆ ಹತ್ತಾರು, ಕೆಲವೊಮ್ಮೆ ನೂರಾರು ಬಾರಿ ಸುತ್ತು ಹೊಡೆಸುವುದು ಫರ್ಮ್‌ವೇರ್. ಇದನ್ನು ಬರೆಯುವವರು ಪಿಎಲ್‌ಸಿ ತಯಾರಿಸಿದ ಕಂಪನಿಯವರು, ನಮ್ಮ ಹುಡುಗರಲ್ಲ. ಪೂರ್ತಿ ಗಟ್ಟಿಯೂ ಅಲ್ಲದ, ಪೂರ್ತಿ ಮೆದುವೂ ಅಲ್ಲದ ಇಂಥದಕ್ಕೆ ಈ ಹೆಸರನ್ನು ಕೊಟ್ಟವರು ಆಶರ್ ಆಪ್ಲರ್, 1967ರಲ್ಲಿ, ‘ಡೇಟಮೇಷನ್’ ಎಂಬ ಪತ್ರಿಕೆಯ ಲೇಖನವೊಂದರಲ್ಲಿ.

ನಾನು ಪಾಠ ಹೇಳಲು ಶುರುಮಾಡಿದ ಕಾಲದಲ್ಲಿ ಫರ್ಮ್‌ವೇರನ್ನು ಬದಲಿಸುವುದೆಂದರೆ ಚಿಪ್ಪನ್ನೇ ಕಿತ್ತು ಬೇರೆ ಕೂರಿಸುವುದು. ಆ ಚಿಪ್ಪಿನ ನೆತ್ತಿಯ ಮೇಲೆ ಒಂದು ಪುಟ್ಟ ಗಾಜಿನ ಕಿಟಕಿ. ಅದರ ಮೂಲಕ ಅತಿನೇರಳೆ ಬೆಳಕನ್ನು ಹದಿನೈದಿಪ್ಪತ್ತು ನಿಮಿಷ ಬಿಟ್ಟರೆ ಬರೆದದ್ದೆಲ್ಲ ಅಳಿಸಿ ಹೋಗುತ್ತಿತ್ತು. ಆಮೇಲೆ ಹೊಸದು ಬರೆಯಬಹುದಿತ್ತು. ಬಿಸಿಲು ತಾಗಿ ಮರೆವು ಬಾರದಿರಲೆಂದು ಕಿಟಕಿಗೆ ಕಾಗದದ ಚೀಟಿ ಅಂಟಿಸುತ್ತಿದ್ದೆವು. ಆಮೇಲೆ ಬಂದದ್ದು ಫ್ಲ್ಯಾಶ್ ಮೆಮೊರಿ. 1980ರ ದಶಕದಲ್ಲಿ ಜಪಾನಿನ ತೋಷಿಬಾ ಕಂಪನಿಯಲ್ಲಿ ಫುಜಿಯೊ ಮಸುವೊಕಾ ರೂಪಿಸಿದ್ದು. ಕ್ಯಾಮೆರಾದ ಫ್ಲ್ಯಾಶ್ ಮಿಂಚಿದಂತೆ ಒಂದೇ ಏಟಿಗೆ ಅಳಿಸಿಹೋಗುತ್ತದೆಂದು ಆ ಹೆಸರು. ನಿಮ್ಮ ಪೆನ್‌ಡ್ರೈವಿನಲ್ಲಿ, ಮೊಬೈಲಿನಲ್ಲಿ ಇರುವುದೂ ಇದೇ ಜಾತಿಯದು.

ಅಪಾಯ ಹುಟ್ಟುವುದೂ ಈ ಗುಣದಿಂದಲೇ. ಫ್ಲ್ಯಾಶ್ ಮೆಮೊರಿಯಲ್ಲಿ ಒಂದಕ್ಷರ ತಿದ್ದಬೇಕಾದರೂ ಆ ಇಡೀ ತುಂಡನ್ನು ಅಳಿಸಿಯೇ ಬರೆಯಬೇಕು. ಸ್ಲೇಟಿನ ಮೇಲೆ ಬರೆದ ಮಗ್ಗಿಯಲ್ಲಿ ಒಂದು ಸಾಲು ತಪ್ಪಾದರೆ ಪೂರಾ ಒರೆಸಿ ಬರೆ ಎನ್ನುವ ಮುಂಗೋಪಿ ಮೇಷ್ಟ್ರ ಕಟ್ಟಳೆಯಿದ್ದ ಹಾಗೆ. ಹಳೆಯದನ್ನು ಒರೆಸಿಯಾಗಿದೆ, ಹೊಸದು ಅರ್ಧ ಬರೆದಾಗಿದೆ, ಅಷ್ಟರಲ್ಲಿ ಕರೆಂಟು ಹೋಯಿತು ಎಂದಿಟ್ಟುಕೊಳ್ಳಿ. ಆಗ ಪಿಎಲ್‌ಸಿಗೆ ಹಳೆಯ ವಿದ್ಯೆಯೂ ಇಲ್ಲ, ಹೊಸ ವಿದ್ಯೆಯೂ ಇಲ್ಲ. ಭಟ್ಟರಿಗೆ ಒಲೆ ಯಾವುದು, ಹಂಡೆ ಯಾವುದು ಎಂಬುದೇ ಮರೆತಿದೆ. ಪಟ್ಟಿ ಕೈಯಲ್ಲಿದ್ದು ಏನು ಫಲ? ಇದಕ್ಕಾಗಿಯೇ ಒಳಗೆ ‘ಬೂಟ್‌ಲೋಡರ್’ ಎಂಬ ಚಿಕ್ಕದೊಂದು ಭಾಗವನ್ನು ಯಾರೂ ಮುಟ್ಟದಂತೆ ಬೇರೆ ಇಟ್ಟಿರುತ್ತಾರೆ. ಅದಕ್ಕೆ ತಿಳಿದಿರುವುದು ಒಂದೇ ಕೆಲಸ: ಹೊಸ ಫರ್ಮ್‌ವೇರನ್ನು ತೆಗೆದುಕೊಂಡು ಬರೆದುಕೊಳ್ಳುವುದು. ಕೆಲವು ಹೊಸ ಯಂತ್ರಗಳಲ್ಲಿ ಎರಡು ಪ್ರತಿಗಳಿಗೆ ಜಾಗವಿರುತ್ತದೆ. ಹೊಸದು ಸರಿಯಾಗಿ ಕೂತಿತೆಂದು ಖಾತ್ರಿಯಾಗುವವರೆಗೂ ಹಳೆಯದನ್ನು ಅಳಿಸುವುದಿಲ್ಲ. ಹಳೆಯ ಯಂತ್ರಗಳಲ್ಲಿ ಈ ಅನುಕೂಲ ಇಲ್ಲ. ನಮ್ಮ ಕಾರ್ಖಾನೆಗಳಲ್ಲಿ ಹೆಚ್ಚಾಗಿರುವುದು ಹಳೆಯ ಯಂತ್ರಗಳೇ.

ಬಂದ ಫೈಲು ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ವಿದ್ಯಾರ್ಥಿಗಳು ನಿಮ್ಮ ಆಧಾರ್ ಕಾರ್ಡು ತೆಗೆದು ನೋಡಿ. 12 ಅಂಕಿಗಳಿವೆಯಲ್ಲ, ಅದರಲ್ಲಿ ಕೊನೆಯದು ನಿಮ್ಮ ಗುರುತಲ್ಲ. ಮೊದಲ 11 ಅಂಕಿಗಳಿಂದ ಲೆಕ್ಕ ಹಾಕಿ ತೆಗೆದ ಕಾವಲು ಅಂಕಿ ಅದು. ಡಚ್ ಗಣಿತಜ್ಞ ಫರ್ಹೂಫ್ 1969ರಲ್ಲಿ ತೋರಿಸಿದ ಕ್ರಮ. ಬರೆಯುವಾಗ ಯಾವುದಾದರೂ ಒಂದು ಅಂಕಿ ತಪ್ಪಿದರೆ, ಇಲ್ಲವೇ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೆ, ಲೆಕ್ಕ ತಾಳೆಯಾಗುವುದಿಲ್ಲ. ಫರ್ಮ್‌ವೇರ್ ಫೈಲಿನ ಕೊನೆಯಲ್ಲೂ ಇಂಥದೇ ಒಂದು ಕಾವಲು ಸಂಖ್ಯೆ ಇರುತ್ತದೆ. ಆದರೆ ಗಮನಿಸಿ, ಈ ಕಾವಲು ಕೈತಪ್ಪಿಗೆ ಮಾತ್ರ, ಕಳ್ಳನಿಗಲ್ಲ. ಬೇಕೆಂದೇ ಫೈಲನ್ನು ತಿದ್ದುವವನು ಕಾವಲು ಸಂಖ್ಯೆಯನ್ನೂ ಹೊಸದಾಗಿ ಲೆಕ್ಕ ಹಾಕಿ ಅಂಟಿಸಬಲ್ಲ. ಅದಕ್ಕಾಗಿ ಈಗಿನ ಕಂಪನಿಗಳು ಫೈಲಿಗೆ ಡಿಜಿಟಲ್ ರುಜು ಹಾಕುತ್ತವೆ. ಆ ರುಜುವನ್ನು ಪಿಎಲ್‌ಸಿ ಪರೀಕ್ಷಿಸಬಹುದು, ನಕಲು ಮಾಡುವುದು ಮಾತ್ರ ಗುಟ್ಟಿನ ಕೀಲಿ ಇಲ್ಲದವರಿಗೆ ಅಸಾಧ್ಯ.

ಈ ಕಳ್ಳನ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮುಂಚೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಹಳೆಯ ಪಿಎಲ್‌ಸಿಗಳಲ್ಲಿ ಲ್ಯಾಡರ್ ಪ್ರೋಗ್ರಾಂ ಇರುತ್ತಿದ್ದುದು ಕರೆಂಟು ಹೋದರೆ ಮರೆತುಬಿಡುವ ಮೆಮೊರಿಯಲ್ಲಿ. ಮರೆಯದಂತೆ ಕಾಯುತ್ತಿದ್ದುದು ಒಂದು ಲಿಥಿಯಂ ಬ್ಯಾಟರಿ. ನಮ್ಮ ಪಾಲಿಟೆಕ್ನಿಕ್‌ನ ಲ್ಯಾಬಿನಲ್ಲಿ ಅಂಥದೊಂದಿತ್ತು. ಬೇಸಿಗೆ ರಜೆಗೆ ಮುಂಚೆ ‘ಬ್ಯಾಟರಿ ದುರ್ಬಲ’ ಎಂಬ ಕೆಂಪು ದೀಪ ಹತ್ತಿತು. ನಾನು ಜಾಗರೂಕ ಮನುಷ್ಯ ನೋಡಿ, ವಿದ್ಯುತ್ ಸಾಧನವನ್ನು ಮುಟ್ಟುವ ಮೊದಲು ಮೇನ್ ಆಫ್ ಮಾಡು ಎಂದು ಇಪ್ಪತ್ತು ವರ್ಷ ಬೋಧಿಸಿದವನು. ಮೇನ್ ಆಫ್ ಮಾಡಿದೆ, ಹಳೆಯ ಬ್ಯಾಟರಿ ತೆಗೆದೆ, ಹೊಸದು ಹಾಕಿದೆ. ದೀಪ ಆರಿತು. ಅದರ ಜೊತೆಗೆ ಪ್ರೋಗ್ರಾಮೂ ಆರಿತು! ಆ ಒಂದು ಬ್ಯಾಟರಿಯನ್ನು ಮಾತ್ರ ಕರೆಂಟು ಇರುವಾಗಲೇ ಬದಲಿಸಬೇಕಿತ್ತು. ಅಂತಿಮ ವರ್ಷದ ನಾಲ್ಕು ಹುಡುಗರು ಎರಡು ತಿಂಗಳು ಕೂತು ಬರೆದ ಲಿಫ್ಟಿನ ಪ್ರೋಗ್ರಾಂ ಅದು. ಫ್ಲಾಪಿಯಲ್ಲಿ ಪ್ರತಿ ಇದೆಯೇ ಎಂದು ಕೇಳಿದೆ. ಇತ್ತು, ತೆರೆಯಲಿಲ್ಲ. ಮೂರು ದಿನ ಹಗಲು ರಾತ್ರಿ ಅವರ ಜೊತೆ ನಾನೂ ಕೂತು ಮತ್ತೆ ಬರೆಸಿದೆ. ಆ ಹುಡುಗರು ನನ್ನನ್ನು ಕ್ಷಮಿಸಿದರು, ಆದರೆ ಪ್ರಾಜೆಕ್ಟ್ ವರದಿಯ ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು ಕೊನೆಗಿತ್ತು.

ಅಂದಿನಿಂದ ಪ್ರತಿ ತರಗತಿಗೂ ಹೇಳುತ್ತಾ ಬಂದೆ: ಪ್ರತಿ ತೆಗೆದಿಟ್ಟರೆ ಸಾಲದು, ಆ ಪ್ರತಿಯನ್ನು ಒಮ್ಮೆ ತೆರೆದು ನೋಡಬೇಕು. ಪರೀಕ್ಷೆಯಲ್ಲಿ ‘ಪಿಎಲ್‌ಸಿಯ ಬ್ಲಾಕ್ ಡಯಾಗ್ರಂ ಬರೆದು ವಿವರಿಸಿ’ ಎಂದು ಹತ್ತು ಅಂಕಕ್ಕೆ ಕೇಳುತ್ತಾರೆ. ಪ್ರತಿ ತೆಗೆಯುವುದು ಹೇಗೆಂದು ಒಂದು ಅಂಕಕ್ಕೂ ಕೇಳಿದ್ದು ನಾನು ಕಾಣೆ.

ನಮ್ಮ ಹುಡುಗ ಮೂರು ದಿನ ಮಾಡಿದ್ದರಲ್ಲಿ ಮೊದಲ ದಿನ ಪೂರ್ತಿ ಇದಕ್ಕೇ ಹೋಯಿತು. ಪಿಎಲ್‌ಸಿಯಲ್ಲಿ ಈಗ ಓಡುತ್ತಿರುವ ಪ್ರೋಗ್ರಾಮನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡ. ಬೀರುವಿನಲ್ಲಿದ್ದ ಪ್ರತಿಯೊಂದಿಗೆ ಹೋಲಿಸಿದರೆ ಎರಡಕ್ಕೂ ವ್ಯತ್ಯಾಸ! ಯಾರೋ ಯಾವತ್ತೋ ರಾತ್ರಿ ಪಾಳಿಯಲ್ಲಿ ಏನೋ ತಿದ್ದಿದ್ದಾರೆ, ಬರೆದಿಟ್ಟಿಲ್ಲ. ಕಾರ್ಖಾನೆಗಳಲ್ಲಿ ಇದು ಮಾಮೂಲು. ಪ್ರೋಗ್ರಾಂ ಮಾತ್ರವಲ್ಲ, ವರ್ಷಗಳಿಂದ ಹದಗೊಳಿಸಿದ ಅಂಕಿಗಳೂ ಒಳಗಿರುತ್ತವೆ: ಜೋಳ ಎಷ್ಟು ಕಿಲೋ, ತೌಡು ಎಷ್ಟು, ಹಿಂಡಿ ಎಷ್ಟು, ಗೇಟು ಮುಚ್ಚಿದ ಮೇಲೂ ಎಷ್ಟು ಗ್ರಾಂ ಸುರಿಯುತ್ತದೆ. ಅದನ್ನೆಲ್ಲ ಒಂದೊಂದಾಗಿ ಪುಸ್ತಕಕ್ಕೆ ಬರೆದುಕೊಂಡ. ಫರ್ಮ್‌ವೇರ್ ಬದಲಾದಾಗ ಪ್ರೋಗ್ರಾಮೂ ಅಂಕಿಗಳೂ ಅಳಿಸಿಹೋಗುವ ಪಿಎಲ್‌ಸಿಗಳು ಹಲವಿವೆ.

“ಇಷ್ಟೆಲ್ಲ ರಗಳೆ ಇದ್ದಮೇಲೆ ಯಾಕೆ ಬದಲಿಸಬೇಕು? ಓಡುತ್ತಿರೋ ಗಾಡೀನ ನಿಲ್ಲಿಸಿ ಬಾನೆಟ್ ಎತ್ತೋದು ಯಾವ ಬುದ್ಧಿವಂತಿಕೆ?” ಎಂದರು ಚಾಲಕರು. ಇದು ಅವರೊಬ್ಬರ ಮಾತಲ್ಲ. ಜಗತ್ತಿನ ಅರ್ಧ ಕಾರ್ಖಾನೆಗಳ ಮ್ಯಾನೇಜರುಗಳು ಹೇಳುವುದೂ ಇದನ್ನೇ. ಅದರಲ್ಲಿ ಹುರುಳಿಲ್ಲದೆಯೂ ಇಲ್ಲ. ಸರಿಯಾಗಿ ಓಡುತ್ತಿರುವ, ಹೊರಗಿನ ಯಾವ ಜಾಲಕ್ಕೂ ತಗಲದ ಪಿಎಲ್‌ಸಿಯನ್ನು ಹೊಸತರ ಚಪಲಕ್ಕೆ ಮುಟ್ಟಬಾರದು ಎಂದು ನಾನೂ ಹೇಳುತ್ತೇನೆ.

ಆದರೆ ಮುಟ್ಟಲೇಬೇಕಾದ ಸಂದರ್ಭಗಳಿವೆ. ಹಳೆಯ ಸಿಪಿಯು ಸುಟ್ಟುಹೋಗಿ ಹೊಸದು ತರಿಸಿದರೆ ಅದರಲ್ಲಿ ಬೇರೆಯ ಆವೃತ್ತಿ ಇರುತ್ತದೆ. ಕೆಲವೊಮ್ಮೆ ಫರ್ಮ್‌ವೇರಿನಲ್ಲೇ ದೋಷ ಇದ್ದು ತಿಂಗಳಿಗೊಮ್ಮೆ ಕಾರಣವಿಲ್ಲದೆ ಯಂತ್ರ ನಿಲ್ಲುತ್ತದೆ. ಮೂರನೆಯದು ಈಚಿನ ವರ್ಷಗಳಲ್ಲಿ ದೊಡ್ಡದಾಗಿ ಬೆಳೆದ ಕಾರಣ: ಕಳ್ಳ ನುಗ್ಗಬಹುದಾದ ಕಂಡಿಗಳು.

2015ರ ಡಿಸೆಂಬರ್ 23. ಉಕ್ರೇನಿನ ಪಶ್ಚಿಮ ಭಾಗದ ಇವಾನೊ-ಫ್ರಾಂಕಿವ್ಸ್ಕ್ ಪ್ರಾಂತ. ವಿದ್ಯುತ್ ಸರಬರಾಜು ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಕೂತಿದ್ದವರ ಕಣ್ಣೆದುರೇ ಗಣಕದ ತೆರೆಯ ಮೇಲಿನ ಬಾಣ ತಾನಾಗಿ ಚಲಿಸತೊಡಗಿತು. ಒಂದಾದ ಮೇಲೊಂದು ಸಬ್‌ಸ್ಟೇಷನ್ನಿನ ಬ್ರೇಕರುಗಳು ತೆರೆದುಕೊಂಡವು. ಇವರು ಮೌಸ್ ಹಿಡಿದು ಅಲ್ಲಾಡಿಸಿದರೆ ಅದು ಇವರ ಮಾತು ಕೇಳಲಿಲ್ಲ. ಅಂದು ಮೂರು ಕಂಪನಿಗಳ ಮೇಲೆ ದಾಳಿ ನಡೆದು ಸುಮಾರು 2,25,000 ಗ್ರಾಹಕರಿಗೆ ಚಳಿಗಾಲದ ಸಂಜೆ ಕತ್ತಲಾಯಿತು.

ನಮ್ಮ ವಿಷಯಕ್ಕೆ ಸಂಬಂಧಪಟ್ಟದ್ದು ಅದರ ಮುಂದಿನ ಹೆಜ್ಜೆ. ಸಬ್‌ಸ್ಟೇಷನ್ನುಗಳ ಯಂತ್ರಗಳನ್ನು ಜಾಲಕ್ಕೆ ಜೋಡಿಸುವ ಸಣ್ಣ ಸಣ್ಣ ಪೆಟ್ಟಿಗೆಗಳಿದ್ದವು. ಅವು ಪಿಎಲ್‌ಸಿಗಳಲ್ಲ, ಅವುಗಳ ದಾಯಾದಿಗಳು ಅನ್ನಿ. ದಾಳಿಕೋರರು ಆ ಪೆಟ್ಟಿಗೆಗಳಿಗೆ ‘ಫರ್ಮ್‌ವೇರ್ ಅಪ್‌ಡೇಟ್’ ಮಾಡಿದರು! ಹೌದು, ನಮ್ಮ ಹುಡುಗ ಮಾಡಲು ಹೊರಟದ್ದನ್ನೇ. ಆದರೆ ಬರೆದದ್ದು ಕೆಲಸಕ್ಕೆ ಬಾರದ ಫರ್ಮ್‌ವೇರ್. ಪೆಟ್ಟಿಗೆಗಳು ಇಟ್ಟಿಗೆಗಳಾದವು. ದೂರದಿಂದ ಬ್ರೇಕರನ್ನು ಮತ್ತೆ ಮುಚ್ಚುವ ದಾರಿಯೇ ಇಲ್ಲವಾಯಿತು. ಕೊನೆಗೆ ಏನು ಮಾಡಿದರು ಗೊತ್ತೆ? ವ್ಯಾನು ಹತ್ತಿಕೊಂಡು ಸಬ್‌ಸ್ಟೇಷನ್ನಿನಿಂದ ಸಬ್‌ಸ್ಟೇಷನ್ನಿಗೆ ಹೋಗಿ ಕೈಯಿಂದಲೇ ಬ್ರೇಕರುಗಳನ್ನು ಮುಚ್ಚಿದರು. ಕೆಲವೇ ಗಂಟೆಗಳಲ್ಲಿ ದೀಪ ಹತ್ತಿತು. ಕೈಯಿಂದ ಮಾಡುವ ವಿದ್ಯೆ ಬಲ್ಲ ಜನ ಅಲ್ಲಿ ಇನ್ನೂ ಉಳಿದಿದ್ದರು. ಹಾಳಾದ ಪೆಟ್ಟಿಗೆಗಳ ಕೆಲಸ ಮಾತ್ರ ತಿಂಗಳುಗಟ್ಟಲೆ ಎಳೆಯಿತು.

ಇನ್ನೊಂದು ಸಂಗತಿ 2017ರದು, ಸೌದಿ ಅರೇಬಿಯದ ಪೆಟ್ರೋಕೆಮಿಕಲ್ ಕಾರ್ಖಾನೆಯೊಂದರದು. ಅಲ್ಲಿ ‘ಟ್ರೈಕಾನೆಕ್ಸ್’ ಎಂಬ ಸುರಕ್ಷಾ ಕಂಟ್ರೋಲರುಗಳಿದ್ದವು. ಇವು ಸಾಮಾನ್ಯ ಪಿಎಲ್‌ಸಿಗಳ ಮೇಲಿನ ಕಾವಲುಗಾರರು. ಒತ್ತಡ, ಶಾಖ ಅಳತೆ ಮೀರಿದರೆ ಯಾರನ್ನೂ ಕೇಳದೆ ಇಡೀ ಘಟಕವನ್ನು ನಿಲ್ಲಿಸುವುದು ಇವುಗಳ ಧರ್ಮ. ಒಳಗೆ ಮೂರು ಪ್ರೊಸೆಸರುಗಳಿದ್ದು ಪ್ರತಿ ತೀರ್ಮಾನಕ್ಕೂ ಮತ ಹಾಕುತ್ತವೆ. ‘ಟ್ರೈಟನ್’ ಎಂದು ಆಮೇಲೆ ಹೆಸರಾದ ದಾಳಿಯ ತಂತ್ರಾಂಶ, ಈ ಕಾವಲುಗಾರನ ಫರ್ಮ್‌ವೇರಿನಲ್ಲಿದ್ದ ಕಂಡಿಯೊಂದನ್ನು ಬಳಸಿ ಅದರ ಮೆಮೊರಿಯೊಳಗೆ ಸೇರಿಕೊಂಡಿತು. ಆದರೆ ದಾಳಿಕೋರರ ಲೆಕ್ಕ ಎಲ್ಲೋ ತಪ್ಪಿತು. ಪ್ರೊಸೆಸರುಗಳ ನಡುವೆ ತಾಳೆಯಾಗದೆ ಕಂಟ್ರೋಲರು ತನ್ನ ಧರ್ಮದಂತೆ ಘಟಕವನ್ನು ನಿಲ್ಲಿಸಿತು. ಯಾಕೆ ನಿಂತಿತೆಂದು ಹುಡುಕುತ್ತಾ ಹೋದಾಗ ಕಳ್ಳ ಸಿಕ್ಕಿದ.

ಅಲ್ಲಿ ಇನ್ನೂ ಒಂದು ಚಿಕ್ಕ ವಿಷಯ ಬಯಲಾಯಿತು. ಆ ಕಂಟ್ರೋಲರಿನ ಮುಂಭಾಗದಲ್ಲಿ ನಮ್ಮ ಗೋದ್ರೆಜ್ ಬೀರುವಿನಲ್ಲಿರುವಂಥ ಒಂದು ಕೀಲಿ ಇದೆ. ‘ರನ್’ ಕಡೆ ತಿರುಗಿಸಿದರೆ ಯಾರೂ ಹೊರಗಿನಿಂದ ಒಳಗಿನದನ್ನು ಬದಲಿಸಲಾಗದು. ‘ಪ್ರೋಗ್ರಾಂ’ ಕಡೆ ತಿರುಗಿಸಿದರೆ ಬದಲಿಸಬಹುದು. ಕೆಲಸ ಮುಗಿದ ಮೇಲೂ ಅದು ‘ಪ್ರೋಗ್ರಾಂ’ ಕಡೆಗೇ ತಿರುಗಿತ್ತು.

ಒಂದು ಮಾತು ಸೇರಿಸಲೇಬೇಕು. ಎಲ್ಲ ಕಂಡಿಯನ್ನೂ ಅಪ್‌ಡೇಟಿನಿಂದ ಮುಚ್ಚಲಾಗುವುದಿಲ್ಲ. ಸೀಮೆನ್ಸ್ ಕಂಪನಿಯ ಎಸ್7-1500 ಮಾಲಿಕೆಯ ನೂರಕ್ಕೂ ಹೆಚ್ಚು ಮಾದರಿಗಳಲ್ಲಿ, ಯಂತ್ರವನ್ನು ಕೈಯಾರೆ ಬಿಚ್ಚಬಲ್ಲವನು ಫರ್ಮ್‌ವೇರನ್ನೇ ತಿರುಚಬಹುದಾದ ದೋಷವೊಂದಿದೆ ಎಂದು 2023ರ ಜನವರಿಯಲ್ಲಿ ಬಹಿರಂಗವಾಯಿತು. ದೋಷವಿದ್ದುದು ಯಂತ್ರಾಂಶದಲ್ಲೇ. ಅದಕ್ಕೆ ಫೈಲು ಕಳಿಸಿ ಪ್ರಯೋಜನವಿಲ್ಲ. ಹೊಸ ಯಂತ್ರಾಂಶವೇ ಬೇಕು, ಅಲ್ಲಿಯವರೆಗೆ ಪ್ಯಾನೆಲ್ಲಿನ ಬಾಗಿಲಿಗೆ ಬೀಗ.

ಈಗ ನಮ್ಮ ಹುಡುಗನ ಎರಡನೆಯ ದಿನ. ಅವನ ಕಾರ್ಖಾನೆಯ ಪಿಎಲ್‌ಸಿಯ ಒಂದು ಕಂಡಿಯನ್ನು ಮುಚ್ಚುವ ಹೊಸ ಫರ್ಮ್‌ವೇರ್ ಬಂದಿತ್ತು. ದೂರದ ಊರಿನಿಂದ ಯಂತ್ರವನ್ನು ನೋಡಿಕೊಳ್ಳಲು ಗುತ್ತಿಗೆದಾರರು ಹಾಕಿಸಿದ್ದ ಒಂದು ಮೋಡೆಮ್ ಪ್ಯಾನೆಲ್ಲಿನಲ್ಲಿತ್ತು. ಹಾಗಾಗಿ ಬದಲಿಸುವುದೇ ಸರಿ ಎಂದು ತೀರ್ಮಾನವಾಗಿತ್ತು. ಹುಡುಗ ಒಂದು ಜಾಣತನ ಮಾಡಿದ. ಓಡುತ್ತಿದ್ದ ಸಿಪಿಯುವನ್ನು ಮುಟ್ಟಲೇ ಇಲ್ಲ. ಸ್ಟೋರಿನಲ್ಲಿ ಅದೇ ಮಾದರಿಯ ಇನ್ನೊಂದು ಸಿಪಿಯು ಇತ್ತು. ಅದನ್ನು ಮೇಜಿನ ಮೇಲಿಟ್ಟು, ಯುಪಿಎಸ್‌ನಿಂದ ಕರೆಂಟು ಕೊಟ್ಟು, ಹೊಸ ಫರ್ಮ್‌ವೇರನ್ನು ಅದಕ್ಕೆ ಹಾಕಿದ. ಕೆಲವು ನಿಮಿಷ ದೀಪಗಳು ಮಿನುಗಿ, ಒಮ್ಮೆ ಪೂರ್ತಿ ಆರಿ, ಮತ್ತೆ ಹತ್ತಿದವು. ಆರಿದ್ದಷ್ಟು ಹೊತ್ತು ಉಸಿರು ಹಿಡಿದಿದ್ದೆ ಸಾರ್ ಎಂದ. ಆಮೇಲೆ ಹಳೆಯದನ್ನು ಕಳಚಿ ಹುಷಾರಾಗಿ ತೆಗೆದಿಟ್ಟು, ಹೊಸದನ್ನು ಕೂರಿಸಿದ.

ಇಷ್ಟು ಹೇಳುವಾಗ ಚಾಲಕರ ಮುಖ ಅರಳಿತು. “ಅಂದ್ರೆ ಸ್ಟೆಪ್ನಿ ಹಾಕಿದ!” ಎಂದರು. ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

ಎಲ್ಲ ದೀಪವೂ ಹಸಿರು. ಗುತ್ತಿಗೆದಾರರ ಕಡೆಯವರು ಕೈಕುಲುಕಿ ಹೊರಡುವುದರಲ್ಲಿದ್ದರು. ಹುಡುಗ ಬಿಡಲಿಲ್ಲ. ತೂಕದ ತೊಟ್ಟಿಗೆ 20 ಕಿಲೋದ ಪರೀಕ್ಷೆಯ ಬೊಟ್ಟುಗಳನ್ನು ಒಂದೊಂದಾಗಿ ಏರಿಸಿ ತೆರೆಯ ಮೇಲೆ ತೂಕ ನೋಡುತ್ತಾ ಕೂತ. ಇಪ್ಪತ್ತು, ನಲವತ್ತು, ಅರವತ್ತು. ನಾಲ್ಕನೆಯ ಬೊಟ್ಟು ಇಟ್ಟಾಗಲೂ ಅರವತ್ತು. ಅರ್ಧ ನಿಮಿಷ ಬಿಟ್ಟು ಎಂಬತ್ತಕ್ಕೆ ಹಾರಿತು. ಮತ್ತೆ ಮತ್ತೆ ನೋಡಿದಾಗ ತಿಳಿಯಿತು: ತೂಕದ ಯಂತ್ರಕ್ಕೂ ಪಿಎಲ್‌ಸಿಗೂ ನಡುವಿನ ಸಂಪರ್ಕ ಆಗಾಗ ಕಡಿದು ಕೂಡುತ್ತಿದೆ. ಕಡಿದಾಗ ಪಿಎಲ್‌ಸಿ ಕೊನೆಯ ಬಾರಿ ಓದಿದ ತೂಕವನ್ನೇ ನಿಜವೆಂದು ಹಿಡಿದುಕೊಂಡಿರುತ್ತದೆ.

ಇದರಲ್ಲೇನು ಅಪಾಯ ಎನ್ನುವಿರಾ? ಪಶು ಆಹಾರಕ್ಕೆ ಅಲ್ಪ ಪ್ರಮಾಣದಲ್ಲಿ ಯೂರಿಯಾ ಬೆರೆಸುವುದುಂಟು. ಹಿತಮಿತವಾಗಿದ್ದರೆ ಅದು ದನಗಳಿಗೆ ಪ್ರೋಟೀನಿನ ಮೂಲ, ಮಿತಿ ಮೀರಿದರೆ ವಿಷ. ಯೂರಿಯಾದ ಗೇಟು ತೆರೆದಿರುವಾಗ ಸಂಪರ್ಕ ಕಡಿದರೆ ತೂಕ ಏರಿದ್ದು ಪಿಎಲ್‌ಸಿಗೆ ತಿಳಿಯುವುದಿಲ್ಲ. ಗೇಟು ತೆರೆದೇ ಇರುತ್ತದೆ. ಯಾವುದೋ ಹಳ್ಳಿಯ ಯಾವುದೋ ಕೊಟ್ಟಿಗೆಗೆ ಆ ಮೂಟೆ ಹೋಗಿರುತ್ತದೆ.

ಮೂರನೆಯ ದಿನ ಸಂಜೆಯವರೆಗೂ ತಡಕಾಡಿದರು. ಹೊಸ ಫರ್ಮ್‌ವೇರಿಗೂ ಹಳೆಯ ತೂಕದ ಯಂತ್ರಕ್ಕೂ ಹೊಂದಿಕೆ ಬರಲಿಲ್ಲ. ಬೆಳಗಾದರೆ ಉತ್ಪಾದನೆ ಶುರು. ಗುತ್ತಿಗೆದಾರರ ಕಡೆಯವರು, ಹೀಗೇ ನಡೆಸಿ, ಮುಂದಿನ ವಾರ ಬಂದು ನೋಡುತ್ತೇವೆ ಎಂದರು. ಹುಡುಗ ಒಪ್ಪಲಿಲ್ಲ. ಹೊಸ ಸಿಪಿಯು ಕಳಚಿ ಹಳೆಯದನ್ನೇ ಮತ್ತೆ ಕೂರಿಸಿದ. ಬೊಟ್ಟುಗಳನ್ನು ಮತ್ತೆ ಏರಿಸಿ ನೋಡಿದ. ತೂಕ ಸರಿಯಾಗಿ ಬಂತು.

ಸೋಮವಾರ ಮ್ಯಾನೇಜರು ಕರೆದು, “ಮೂರು ದಿನ ಓವರ್‌ಟೈಮ್ ತಗೊಂಡು ಏನ್ರೀ ಮಾಡಿದಿರಿ? ಹೋದ ಪುಟ್ಟ ಬಂದ ಪುಟ್ಟ!” ಎಂದರಂತೆ. ಹುಡುಗ ನನ್ನೆದುರು ಇದನ್ನು ಹೇಳುವಾಗ ದನಿ ಸಣ್ಣದಾಗಿತ್ತು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಕಾಯಂ ಆಗುವುದು ಆ ಮ್ಯಾನೇಜರ ಕೈಯಲ್ಲೇ ಇದೆ. ಆದರೂ ಅವನು ಎರಡು ಪುಟದ ವರದಿ ಬರೆದು ಕೊಟ್ಟಿದ್ದ. ನಾನು ಓದಿ ನೋಡಿದೆ. ಯಾವ ಹೊತ್ತಿಗೆ ಏನು ಮಾಡಿದೆ, ಏನು ಕಂಡೆ ಎಂಬುದಷ್ಟೇ ಇತ್ತು. ಕೊನೆಯಲ್ಲಿ ಒಂದು ಸಾಲು: ಸಂಪರ್ಕ ಕಡಿದರೆ ಗೇಟು ಮುಚ್ಚುವ ವ್ಯವಸ್ಥೆ ನಮ್ಮ ಲ್ಯಾಡರ್ ಪ್ರೋಗ್ರಾಮಿನಲ್ಲಿ ಮೊದಲಿನಿಂದಲೂ ಇರಲಿಲ್ಲ.

ಈ ಸಾಲನ್ನು ಎರಡು ಸಲ ಓದಿದೆ. ಅಂದರೆ ಇಷ್ಟು ವರ್ಷ ಆ ಕಾರ್ಖಾನೆ ನಡೆದದ್ದು ಒಂದು ತಂತಿ ಕಡಿಯದಿರಲಿ ಎಂಬ ಅದೃಷ್ಟದ ಮೇಲೆ. ಹೊಸ ಫರ್ಮ್‌ವೇರು ದೋಷವನ್ನು ತಂದದ್ದು ಹೌದು. ಆದರೆ ಹಳೆಯ ದೋಷವೊಂದನ್ನು ಬೆಳಕಿಗೆ ಎಳೆದದ್ದೂ ಅದೇ. ಇಲಿ ತಂತಿ ಕಡಿದಿದ್ದರೂ ಇದೇ ಆಗುತ್ತಿತ್ತು. ಹುಡುಗ ಹಳೆಯ ಸಿಪಿಯುವನ್ನು ಕೂರಿಸಿದ ರಾತ್ರಿಯೇ ಲ್ಯಾಡರಿಗೆ ನಾಲ್ಕು ಸಾಲು ಸೇರಿಸಿದ್ದ. ತೂಕದ ಯಂತ್ರ ಸೆಕೆಂಡಿಗೊಮ್ಮೆ ಒಂದು ಅಂಕಿಯನ್ನು ಬದಲಿಸಿ ಕಳಿಸುತ್ತಿರಬೇಕು. ಮೂರು ಸೆಕೆಂಡು ಅಂಕಿ ಬದಲಾಗದಿದ್ದರೆ ಎಲ್ಲ ಗೇಟೂ ಮುಚ್ಚಿ ಗಂಟೆ ಬಾರಿಸಬೇಕು. ನಾಡಿ ಹಿಡಿದು ನೋಡುವ ಹಾಗೆ. ಆಮೇಲೆ ತಂತಿಯನ್ನು ಬೇಕೆಂದೇ ಕಿತ್ತು, ಗೇಟು ಮುಚ್ಚುವುದನ್ನು ಕಣ್ಣಾರೆ ನೋಡಿಕೊಂಡೇ ಮನೆಗೆ ಬಂದಿದ್ದ.

“ಮತ್ತೆ ಆ ಕಳ್ಳನ ಕಂಡಿ ಹಾಗೇ ಉಳೀತಲ್ಲೋ?” ಎಂದು ಕೇಳಿದೆ.

“ಮೋಡೆಮ್ಮಿನ ತಂತಿ ಬಿಚ್ಚಿ ಇಟ್ಟಿದೀನಿ ಸಾರ್. ಅವರಿಗೆ ನೋಡಬೇಕಾದಾಗ ಫೋನ್ ಮಾಡಲಿ, ನಾವು ಸಿಗಿಸ್ತೀವಿ, ಮುಗಿದ ಮೇಲೆ ಕೀಳ್ತೀವಿ. ಕೀಲಿಯನ್ನು ರನ್ನಿಗೆ ತಿರುಗಿಸಿ ಪಾಳಿ ಇನ್‌ಚಾರ್ಜ್ ಡ್ರಾಯರಿನಲ್ಲಿ ಹಾಕಿಸಿದೀನಿ. ತೂಕದ ಯಂತ್ರದ ಕಂಪನಿಗೆ ಪತ್ರ ಹೋಗಿದೆ. ಅವರು ಅವರ ಫರ್ಮ್‌ವೇರ್ ಬದಲಿಸಿಕೊಡ್ತಾರಂತೆ.”

ತಂದೆ ಅಷ್ಟು ಹೊತ್ತೂ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. “ಅಂದ್ರೆ ಇನ್ನೊಂದು ಸಲ ಹೀಗೇ ಕೂರಬೇಕಾ?”

“ಸಂಕ್ರಾಂತಿಗೆ ಅಪ್ಪ. ಎರಡು ದಿನ ಪ್ಲ್ಯಾಂಟ್ ನಿಲ್ಲಿಸ್ತಾರೆ.”

ಅವರು ನನ್ನ ಮುಖ ನೋಡಿದರು. ಆಮೇಲೆ ತಟ್ಟೆಯಲ್ಲಿ ಉಳಿದಿದ್ದ ಬಾಳೆಹಣ್ಣನ್ನು ಮಗನ ಕಡೆ ತಳ್ಳಿ, “ಹಬ್ಬದ ಊಟಾನ ಡಬ್ಬಿಗೆ ಹಾಕಿ ಅಲ್ಲಿಗೇ ತರ್ತೀನಿ ಬಿಡು” ಎಂದರು.